ಆಡು ತಂದು ಹಾಕಿದ ಮುಳ್ಳು

ನನಗೆ ಮೊದಲು ನೆನಪಾಗುವುದು ನಮಗೆ ಬಾಡಿಗೆಗೆ ಮನೆ ಕೊಟ್ಟ ಅಮ್ಮನ ಹಿಮ್ಮಡಿಗಳು. ನೀರು ಬತ್ತಿದ ಕೆರೆಯಂಗಳದ ಹಾಗೆ ಬಿರಿದಿದ್ದವು. ಸಂಜೆ ಕಟ್ಟೆಯ ಮೇಲೆ ಕೂತು, ಹಿತ್ತಾಳೆ ಬಟ್ಟಲಿನ ಹರಳೆಣ್ಣೆಯಲ್ಲಿ ಬೆರಳು ಅದ್ದಿ, ಒಂದೊಂದು ಬಿರುಕಿಗೂ ಎಣ್ಣೆ ತುಂಬುತ್ತಿದ್ದರು. ಬಲಗಾಲಿನ ಹೆಬ್ಬೆರಳ ಉಗುರು, ಎಂದೋ ರುಬ್ಬುವ ಗುಂಡು ಬಿದ್ದು ಕಪ್ಪಾದದ್ದು, ಹಾಗೇ ಉಳಿದಿತ್ತು. ಮುಖ ಅಷ್ಟು ಸ್ಪಷ್ಟವಾಗಿಲ್ಲ. ಕೆನ್ನೆಯ ಮಚ್ಚೆ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಕೇಳಿದರೆ ತಡವರಿಸುತ್ತೇನೆ. ಇತಿಹಾಸ ಪಾಠ ಮಾಡಿ ಹೊಟ್ಟೆ ಹೊರೆದವನು ನಾನು. ನೆನಪು ಎಂಬುದು ಸಾಕ್ಷಿಯಲ್ಲ, ಹೇಳಿಕೆ ಮಾತ್ರ ಎಂದು ಹುಡುಗರಿಗೆ ಹೇಳುತ್ತ ಬಂದವನು. ಅವರ ವಿಷಯದಲ್ಲಿ ನನ್ನದೂ ನನ್ನ ಹೆಂಡತಿಯದೂ ಹೇಳಿಕೆಗಳು ಹೊಂದುವುದಿಲ್ಲ. ಪಾದಗಳ ಬಗ್ಗೆ ಮಾತ್ರ ಇಬ್ಬರಿಗೂ ತಕರಾರಿಲ್ಲ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನನಗೆ ಹೂವಿನಹಡಗಲಿಯ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ದಾವಣಗೆರೆಯ ಗಲಾಟೆಯಲ್ಲಿ ಬೆಳೆದ ನನಗೆ ಹಡಗಲಿ ಒಂದೇ ಸಂಜೆಯಲ್ಲಿ ನಡೆದು ಮುಗಿಸುವ ಊರಾಗಿ ಕಂಡಿತು. ಹೆಂಡತಿ ಆಗಷ್ಟೇ ಬಸುರಿ. ಅದಕ್ಕೆ ಹಿಂದಿನ ಬಸಿರು ನಿಂತಿರಲಿಲ್ಲ. ಹಾಗಾಗಿ ಮೆಟ್ಟಿಲು ಹತ್ತುವ ಮನೆ ಬೇಡ, ನೀರು ದೂರದಿಂದ ಹೊರುವ ಮನೆ ಬೇಡ ಎಂದು ಹುಡುಕುತ್ತಿದ್ದೆ. ಹೋದಲ್ಲೆಲ್ಲ ಮೊದಲು ಜಾತಿ ಕೇಳಿದರು, ಆಮೇಲೆ ಮಾಂಸ ತಿನ್ನುತ್ತೀರಾ ಎಂದು ಕೇಳಿದರು. ಈ ಅಮ್ಮ ಮಾತ್ರ ಎರಡನ್ನೂ ಕೇಳಲಿಲ್ಲ. ಎದುರಿನ ದೊಡ್ಡ ಮನೆಯ ಬೀಗದ ಕೈಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕಟ್ಟೆಯ ಮೇಲಿಟ್ಟು, "ನನ್ನ ಮೊಣಕಾಲು ಬರಂಗಿಲ್ಲ, ನೀವ ಒಳಗ ಹೋಗಿ ನೋಡ್ಕೊಂಡು ಬರ್ರಿ" ಎಂದರು.

ನಾನು ನೋಡಿ ಬಂದೆ. ಕಲ್ಲು ಹಾಸಿದ ತಂಪು ಪಡಸಾಲೆ, ಹಿಂದೆ ಅಡುಗೆಮನೆ, ಬಚ್ಚಲು, ಹಿತ್ತಲಲ್ಲಿ ನಲ್ಲಿ.

"ಅಲ್ರಿ ಸರ, ಎಲ್ಲಾರು ಬಂದ ಕೂಡ್ಲೆ ಬಾಗ್ಲ ಯಾವ ದಿಕ್ಕಿಗೈತಿ, ಒಲಿ ಯಾವ ಮೂಲಿಗೈತಿ ಅಂತಾರ. ನೀವು ನೀರು ಬರತೈತೇನು ಅಂತ ಅಷ್ಟ ಕೇಳಿದ್ರಿ."

"ದಿಕ್ಕಿನಿಂದ ನನಗೇನಾಗಬೇಕು ಅಮ್ಮಾರೆ? ನೀರು ಬಂದರೆ ಸಾಕು."

"ಅಮಾಸಿ, ರಾಹುಕಾಲ?"

"ಅದೆಲ್ಲ ನಂಬೋದಿಲ್ಲ."

"ಒಟ್ಟ ನಂಬಂಗಿಲ್ಲ?"

"ಒಟ್ಟ ನಂಬೋದಿಲ್ಲ."

"ದೆವ್ವ ಗಿವ್ವ?"

ನಾನು ನಕ್ಕೆ. ಅವರೂ ನಕ್ಕರು. "ಹಂಗಾರ ನೀವ ಬರ್ರಿ" ಎಂದರು. ಈ ಊರಲ್ಲಿ ಇಂಥವರೊಬ್ಬರು ಇದ್ದಾರಲ್ಲ ಎಂದು ನಾನು ಹಿಗ್ಗಿದೆ. ಮನೆಗೆ ಬಂದು ಹೆಂಡತಿಗೆ ಅದನ್ನೇ ಹೇಳಿದೆ.

ಸಾಮಾನು ಬಂದ ದಿನದ ಚಿತ್ರ ನನ್ನಲ್ಲಿ ಹೀಗಿದೆ: ಅಮ್ಮ ಕೈಯಲ್ಲಿ ಸಣ್ಣ ದೀಪ ಹಿಡಿದು, ಬಲಗಾಲಿಟ್ಟು ಮುಂದೆ ಒಳಗೆ ಹೋದರು, ಹಿಂದೆ ಹಾಲಿನ ಪಾತ್ರೆ ಹಿಡಿದ ನನ್ನ ಹೆಂಡತಿ, ಅವಳ ಹಿಂದೆ ನಾನು. ಕಪ್ಪು ಉಗುರಿನ ಆ ಹೆಬ್ಬೆರಳು ಹೊಸ್ತಿಲು ದಾಟಿದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಎಷ್ಟೋ ವರ್ಷ ಪ್ರಮಾಣ ಮಾಡಿ ಹೇಳಬಲ್ಲವನಾಗಿದ್ದೆ.

ಒಳಗೆ ಹೋಗುವ ಮೊದಲೇ ಒಂದು ಸಣ್ಣ ಘಟನೆ ನಡೆಯಿತು. ಬಾಗಿಲ ಮುಂದೆ ಹೆಂಡತಿ ಚಪ್ಪಲಿ ಬಿಟ್ಟು ಕಾಲಿಡುತ್ತಲೇ "ಅಯ್ಯೋ" ಎಂದು ಕೂತಳು. ಅಂಗಾಲಿಗೆ ಜಾಲಿಮುಳ್ಳು. ಅಮ್ಮ ಓಡಿ ಬಂದರು, ಅವಳನ್ನು ಕಟ್ಟೆಯ ಮೇಲೆ ಕೂರಿಸಿ ಪಾದವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಸೆರಗಿನ ಪಿನ್ನು ತೆಗೆದು ಮುಳ್ಳಿನ ಸುತ್ತ ಮೆಲ್ಲಗೆ ಬಿಡಿಸುತ್ತ, "ಅಳಬ್ಯಾಡ ನನ್ನವ್ವ, ಬಂತು, ಬಂತು ನೋಡು" ಎಂದು ಕೂಸಿಗೆ ಹೇಳುವಂತೆ ಹೇಳಿದರು. ಮುಳ್ಳು ತೆಗೆದ ಜಾಗಕ್ಕೆ ಎಕ್ಕದ ಹಾಲು ಹಚ್ಚಿದರು.

"ಕಲ್ಲು ಹಾಸಿದ ಬಾಗಿಲಲ್ಲಿ ಜಾಲಿಮುಳ್ಳು ಎಲ್ಲಿಂದ ಬಂತು ಅಮ್ಮಾರೆ?" ಎಂದೆ.

"ಆಡು ತಂದು ಹಾಕಿರತಾವ್ರಿ ಸರ. ಈ ಓಣ್ಯಾಗ ಆಡಿನ ಕಾಟ ಭಾಳ" ಎಂದರು.

ಆಡು ಮುಳ್ಳುಕಂಟಿಯ ಎಲೆ ತಿನ್ನುತ್ತದೆಯೇ ಹೊರತು ಕಂಟಿಯನ್ನು ಹೊತ್ತು ತರುವುದಿಲ್ಲ. ಆಗ ಅದು ಹೊಳೆಯಲಿಲ್ಲ.

ಹೊಸ ಊರು ನಮಗೆ ಒಗ್ಗಿದ್ದು ಅವರಿಂದಲೇ. ನಲ್ಲಿಯ ನೀರು ಬೇಳೆ ಬೇಯಿಸಲು ಆಗದು, ಬಾವಿಯದೇ ಬೇಕು ಎಂದು ಹೇಳಿಕೊಟ್ಟರು. ಜೋಳದ ರೊಟ್ಟಿ ತಟ್ಟುವುದನ್ನು ಕಟ್ಟೆಯ ಮೇಲೆ ಹಲಗೆ ಇಟ್ಟುಕೊಂಡು ಕಲಿಸಿದರು. ಹೆಂಡತಿಯ ಮೊದಲ ರೊಟ್ಟಿ ಹರಿದಾಗ, "ಇರಲಿ ಬಿಡವ್ವ, ನಕಾಶಿ ಚಲೋ ಬಂದೈತಿ, ಸರ ಸಾಲ್ಯಾಗ ತೂಗುಹಾಕ್ತಾರ" ಎಂದರು. ಸಂಜೆಯಾದರೆ ಮಲ್ಲಿಗೆ ಕಟ್ಟುತ್ತ ಕೂರುತ್ತಿದ್ದರು. ತಾವು ಮುಡಿಯುವಂತಿರಲಿಲ್ಲ, ಗಂಡ ಹಿಂದಿನ ವರ್ಷ ತೀರಿಕೊಂಡಿದ್ದರು. ಒಂದು ಮೊಳ ನನ್ನ ಹೆಂಡತಿಯ ಜಡೆಗೆ ತಪ್ಪುತ್ತಿರಲಿಲ್ಲ. ಒಂದು ಕಡೆ ಕೂರಲಾಗದೆ ಬಸ್ ನಿಲ್ದಾಣದವರೆಗೆ ಹೋಗಿ ಬರುವ ನನ್ನನ್ನು ನೋಡಿ, "ಸರ, ಗಾಲಿ ಕಟಗೊಂಡು ಹುಟ್ಟೀರೇನು? ಊರು ಎಲ್ಲೂ ಓಡಿಹೋಗಂಗಿಲ್ಲ, ಕೂಡ್ರಿ" ಎಂದು ಕಾಡುತ್ತಿದ್ದರು. ಮೊದಲ ಮಗು ಉಳಿಯದ ಸಂಗತಿಯನ್ನು ಹೆಂಡತಿ ತನ್ನ ತಾಯಿಯ ಮುಂದೆ ಅಳದಷ್ಟು ಅವರ ಮುಂದೆ ಅತ್ತಳು. ಅಂದಿನಿಂದ ಅವಳಿಗೆ ಅವರು 'ಅಮ್ಮಾರು' ಹೋಗಿ 'ಅವ್ವ' ಆದರು.

ಒಂದೇ ಪ್ರಶ್ನೆ ನನಗೆ ಆಗಾಗ ಬರುತ್ತಿತ್ತು. ಇಷ್ಟು ದೊಡ್ಡ ಮನೆಯನ್ನು ನಮಗೆ ಕೊಟ್ಟು, ಹಿಂದೆ ಮೇವು ತುಂಬುತ್ತಿದ್ದ ಎದುರಿನ ಎರಡು ಕೋಣೆಗಳಲ್ಲಿ ತಾಯಿ, ಮಗ ಯಾಕೆ ಇದ್ದಾರೆ? ಮಗನಿಗೆ ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು. ಸೊಸೆ ಬಾಣಂತನಕ್ಕೆಂದು ಕೊಟ್ಟೂರಿನ ತವರಿಗೆ ಬಹಳ ಮುಂಚೆಯೇ ಹೋಗಿದ್ದಳು. ಕೇಳಿದರೆ, "ಅಷ್ಟು ದೊಡ್ಡ ಮನಿ ಯಾರ ಗುಡಸ್ತಾರ್ರಿ" ಎನ್ನುತ್ತಿದ್ದರು. ಮನೆ ತೋರಿಸಲು ಬಾರದ ಆ ಮೊಣಕಾಲಿನಲ್ಲೇ ಬಾವಿಯಿಂದ ತಲೆಯ ಮೇಲೊಂದು, ಸೊಂಟಕ್ಕೊಂದು ಕೊಡ ತರುತ್ತಿದ್ದರು.

ಹೆರಿಗೆಯ ನೋವು ಹತ್ತಿದ ದಿನ ನಾನು ಹರಪನಹಳ್ಳಿಯಲ್ಲಿ ಪರೀಕ್ಷೆ ಕೆಲಸದಲ್ಲಿದ್ದೆ. ಸುದ್ದಿ ತಿಳಿದು ಬರುವಷ್ಟರಲ್ಲಿ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿಯಾಗಿತ್ತು. ಅಮ್ಮ ಹೊರಗೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಅವರೇ ಅವಳನ್ನು ಎತ್ತಿಕೊಂಡು ಆಟೋದಲ್ಲಿ ತಂದವರು ಎಂದು ನರ್ಸ್ ಹೇಳಿದಳು. ಯಾರ ಕಾಲಿಗೂ ಬೀಳದ ನಾನು ಬಗ್ಗಿ ಆ ಬಿರಿದ ಪಾದಗಳನ್ನು ಮುಟ್ಟಿದೆ. ಅವರು ಬೆಂಕಿ ತಗುಲಿದವರ ಹಾಗೆ ಕಾಲು ಹಿಂದೆಳೆದು ಸೀರೆಯಲ್ಲಿ ಮುಚ್ಚಿಕೊಂಡರು. "ಬ್ಯಾಡ್ರಿ ಸರ. ನನಗ ಬ್ಯಾಡ್ರಿ" ಎಂದರು. ವಿನಯ ಎಂದುಕೊಂಡೆ.

ಮಗು ಆ ಪಡಸಾಲೆಯಲ್ಲಿ ಮಗುಚಿತು, ತೆವಳಿತು, ಒಂದು ಬೆಳಿಗ್ಗೆ ಅಂಬೆಗಾಲಿಡುತ್ತ ಹೊಸ್ತಿಲು ದಾಟಿ ಹೊರಗೆ ಬಂತು. ಮಗು ಹೊಸ್ತಿಲು ದಾಟಿದರೆ ಸಿಹಿ ಮಾಡಬೇಕು ಎಂಬುದು ನನ್ನ ಹೆಂಡತಿಗೂ ಗೊತ್ತಿತ್ತು. ಆದರೆ ಅವಳಿಗಿಂತ ಮೊದಲು ಅಮ್ಮನೇ ಒಲೆ ಹಚ್ಚಿದರು. ಓಣಿಗೆಲ್ಲ ಕಡುಬು ಹಂಚಿದರು. ಮಗುವನ್ನು ಎತ್ತಿಕೊಂಡು ಕುಣಿದರು. ಕಣ್ಣಲ್ಲಿ ನೀರು ಬಂದಿತ್ತು ಎಂದು ನನ್ನ ನೆನಪು. ಆ ನೀರನ್ನಾದರೂ ನಂಬಲೇ ಎಂದು ಈಗಲೂ ತಿಳಿಯದು.

ಅದೇ ವಾರ ಅವರ ಮಗ ಬಂದು, "ಸರ, ಬ್ಯಾರೆ ಮನಿ ನೋಡ್ಕೊಂಡ್ರ ಚಲೋ ಆಕ್ಕೈತ್ರಿ. ನಾವು ಈ ಮನಿಗೆ ಬರ್ಬೇಕು. ಹೆಂಡ್ತಿ, ಕೂಸು ಕೊಟ್ಟೂರಿಂದ ಬರ್ತಾರ" ಎಂದ. ಮನೆ ಅವರದು. ಬೇಸರವಾದರೂ ಆಯಿತು ಎಂದೆ. ಸಾಮಾನು ಕಟ್ಟಲು ಹಗ್ಗ ಕೇಳಲು ಪಕ್ಕದ ಮನೆಯ ಟೇಲರ್ ಬಳಿಗೆ ಹೋದಾಗ ಆತ ಮಷಿನ್ ನಿಲ್ಲಿಸಿ ಬೆನ್ನು ತಟ್ಟಿದ.

"ಗಟ್ಟಿ ಮನಷ್ಯಾರ್ರಿ ಸರ ನೀವು. ಯಜಮಾನ ಕೆಟ್ಟ ನಕ್ಷತ್ರದಾಗ ಹೋದ ಮನಿ. ಬಾಗ್ಲಿಗೆ ಮುಳ್ಳು ಹಚ್ಚಿ ಬಿಟ್ಟಿದ್ರು. ಮನಿ ಬಿಡಬೇಕಾದ ತಿಂಗಳು ತುಂಬಿದ ಮ್ಯಾಲೂ ಕಾಲಿಡಾಕ ಯಾರಿಗೂ ಧೈರ್ಯ ಇಲ್ಲ. ನಿಮ್ಮ ಕೂಸು ಅಂಬೆಗಾಲಿಟ್ಟು ಹೊರಗ ಬಂತು ನೋಡ್ರಿ, ಮನಿ ಹಸನಾತು."

"ನಮಗೆ ಯಾರೂ ಹೇಳಲಿಲ್ಲವಲ್ಲ" ಎಂದೆ.

"ನಿಮಗ ಗೊತ್ತೈತಿ, ನೀವು ನಂಬದೋರು, ಒಪ್ಪಿ ಬಂದೀರಿ ಅಂತ ಆಯಮ್ಮ ಹೇಳಿದ್ಲು" ಎಂದು ಆತ ಬಾಯಿ ಮುಚ್ಚಿಕೊಂಡ.

ನಾನು ನೇರ ಕಟ್ಟೆಗೆ ಹೋದೆ. ಅವರು ಹಿಮ್ಮಡಿಗೆ ಎಣ್ಣೆ ಹಚ್ಚುತ್ತಿದ್ದರು.

"ಯಾಕೆ ಹೇಳಲಿಲ್ಲ ಅಮ್ಮಾರೆ?"

"ಏನಂತ ಹೇಳಲ್ರಿ? ಹೇಳಿದ್ರ ನೀವು ನಗ್ತಿದ್ರಿ."

"ನಾನು ನಗುತ್ತಿದ್ದೆ. ಅವಳು?"

ಅವರು ಬಟ್ಟಲಿನಲ್ಲಿ ಮತ್ತೆ ಬೆರಳು ಅದ್ದಿದರು.

"ಅವಳ ಹೊಟ್ಟೆಯಲ್ಲಿ ಮಗು ಇತ್ತು. ಮೊದಲಿನದು ಹೋಗಿದ್ದೂ ನಿಮಗೆ ಗೊತ್ತಿತ್ತು."

"ನನ್ನ ಸೊಸಿ ಹೊಟ್ಟ್ಯಾಗೂ ಇತ್ರಿ ಸರ" ಎಂದರು. ತಲೆ ಎತ್ತಿರಲಿಲ್ಲ. "ನಂಬದೋರಿಗೆ ಹತ್ತಂಗಿಲ್ಲ ಅಂತ ಮಠದ ಅಯ್ನೋರು ಹೇಳಿದ್ರು. ನೀವ ಬಾಯಿಬಿಟ್ಟು ಹೇಳಿದ್ರಲ್ರಿ, ಒಟ್ಟ ನಂಬಂಗಿಲ್ಲ ಅಂತ."

ನಕ್ಷತ್ರಕ್ಕೂ ಸಾವಿಗೂ ಸಂಬಂಧವಿಲ್ಲ ಎಂಬುದು ನನ್ನ ಮತ. ಆ ಮತದ ಪ್ರಕಾರ ನಮಗೆ ಯಾವ ಅಪಾಯವೂ ಇರಲಿಲ್ಲ, ಆದ್ದರಿಂದ ಯಾವ ದ್ರೋಹವೂ ಆಗಿರಲಿಲ್ಲ. ಆದರೆ ಅಪಾಯವಿದೆ ಎಂದು ಅವರು ಪೂರ್ತಿ ನಂಬಿದ್ದರು. ನಂಬಿಕೊಂಡೇ ನನ್ನ ಹೆಂಡತಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆದರು. ತಾವೇ ಸರಿಸಿಟ್ಟ ಕಂಟಿಯ ಮುಳ್ಳು. ನಂಬಿಕೊಂಡೇ ಜಡೆಗೆ ಹೂ ಮುಡಿಸಿದರು. ಒಳಗೆ ಹೋಗವ್ವ, ತಂಪಿನಲ್ಲಿ ಮಲಗು ಎಂದು ಎಷ್ಟು ಮಧ್ಯಾಹ್ನ ಅವಳನ್ನು ಆ ಮನೆಯೊಳಗೆ ಕಳಿಸಿದರು!

ಮನೆಗೆ ಬಂದು ಹೆಂಡತಿಗೆ ಹೇಳಿದಾಗ ನಾನು ಕೊನೆಯ ಆಸರೆಯ ಹಾಗೆ ಒಂದು ಮಾತು ಸೇರಿಸಿದೆ. "ಆದರೂ ಮೊದಲ ದಿನ ನಮಗಿಂತ ಮುಂದೆ ಅವರೇ ಒಳಗೆ ಕಾಲಿಟ್ಟರು, ದೀಪ ಹಿಡಿದು. ಅಷ್ಟಾದರೂ ಮಾಡಿದರು."

ಅವಳು ಮಗುವಿನ ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು. "ಇಲ್ಲರೀ. ದೀಪ ನನ್ನ ಕೈಯಲ್ಲಿ ಕೊಟ್ಟು, ನೀನು ನಡಿಯವ್ವ ಅಂದರು. ಹೊರಗೇ ನಿಂತರು."

ನಾನು ಒಪ್ಪಲಿಲ್ಲ. ಆ ರಾತ್ರಿಯೆಲ್ಲ, ಆಮೇಲೆ ವರ್ಷಗಟ್ಟಲೆ, ಅವರು ಮನೆಯೊಳಗೆ ಇದ್ದ ಒಂದು ಗಳಿಗೆಯನ್ನು ಹುಡುಕಿದ್ದೇನೆ. ರೊಟ್ಟಿ ಕಲಿಸಿದ್ದು ಕಟ್ಟೆಯ ಮೇಲೆ. ಮಗುವಿಗೆ ಎಣ್ಣೆ ತಿಕ್ಕಿದ್ದು ಕಟ್ಟೆಯ ಮೇಲೆ. ಸಾರಿನ ಪಾತ್ರೆ ಕೊಟ್ಟದ್ದು ಬಾಗಿಲಲ್ಲಿ. ಕರೆದರೆ ಮೊಣಕಾಲು.

"ನೋವು ಹತ್ತಿದ ದಿನ?" ಎಂದು ಆ ರಾತ್ರಿಯೇ ಕೇಳಿದೆ. "ಅವತ್ತು ಎತ್ತಿಕೊಂಡು ಹೋದರಲ್ಲ?"

"ನಾನು ಅಡುಗೆಮನೆಯಲ್ಲಿ ಬಿದ್ದಿದ್ದೆ. ಕೂಗಿದೆ. ಅವ್ವ ಬಾಗಿಲಿಗೆ ಬಂದು, ಬಾರವ್ವ, ಇಲ್ಲಿತನ ಬಾ, ಇನ್ನೊಂದೀಟು ಬಾ ಅಂತ ಅಳ್ತಿದ್ದರು. ನಾನು ಪಡಸಾಲೆಯುದ್ದಕ್ಕೂ ತೆವಳಿಕೊಂಡು ಬಂದೆ. ಹೊಸ್ತಿಲ ಹತ್ತಿರ ಬಂದ ಮೇಲೆ ಕೈ ಒಳಗೆ ಚಾಚಿ ಎತ್ತಿಕೊಂಡರು." ಮತ್ತೆ ಬಟ್ಟೆ ಮಡಿಸತೊಡಗಿ, "ಆಮೇಲೆ ಕೆಳಗಿಳಿಸಲೇ ಇಲ್ಲ, ಆಸ್ಪತ್ರೆವರೆಗೂ" ಎಂದಳು. ಅವಳು ಅವರನ್ನು ಕ್ಷಮಿಸಿದ್ದಾಳೆ. ಯಾವಾಗ ಕ್ಷಮಿಸಿದಳೋ ನನಗೆ ಹೇಳಿಲ್ಲ. ಕೈ ಒಳಗೆ ಬಂತು, ಕಾಲು ಬರಲಿಲ್ಲ. ನನಗೆ ಅಲ್ಲಿಂದ ಮುಂದೆ ಹೋಗಲಾಗಿಲ್ಲ.

ಕೆಲವು ವರ್ಷಗಳ ಮೇಲೆ, ವರ್ಗವಾಗಿ ನಾವೂ ಕೊಟ್ಟೂರಿನಲ್ಲಿದ್ದಾಗ, ಅಮ್ಮ ತೀರಿಕೊಂಡ ಸುದ್ದಿ ಬಂತು. ಹೆಂಡತಿಗೆ ಜ್ವರ. "ನೀವಾದರೂ ಹೋಗಿ ಬನ್ನಿ, ಮಗಳನ್ನೂ ಕರೆದುಕೊಂಡು ಹೋಗಿ. ಎತ್ತಿ ಆಡಿಸಿದ ಕೈ" ಎಂದಳು. ನಾವು ಹೋಗುವ ಹೊತ್ತಿಗೆ ಮಣ್ಣಾಗಿತ್ತು. ಮಗ ಆ ಎರಡು ಕೋಣೆಯ ಮನೆಯ ಮುಂದೆ ಕೂತಿದ್ದ. ಹಿಂದಿನ ದಿನ ಬೆಳಿಗ್ಗೆ ದೊಡ್ಡ ಮನೆಯ ಪಡಸಾಲೆಯಲ್ಲಿ ಕೂತು ಹಿಮ್ಮಡಿಗೆ ಎಣ್ಣೆ ಹಚ್ಚುತ್ತಿದ್ದವರು ಹಾಗೇ ಗೋಡೆಗೆ ಒರಗಿದರಂತೆ.

"ನಕ್ಷತ್ರ ಚಲೋ ಬರಲಿಲ್ರಿ ಸರ" ಎಂದ. "ಮತ್ತ ಮನಿ ಬಿಟ್ಟು ಇಲ್ಲಿಗೆ ಬಂದೀವಿ."

ನಾನು ಎದುರಿಗೆ ನೋಡಿದೆ. ಮುಚ್ಚಿದ ಬಾಗಿಲಿಗೆ ಅಡ್ಡವಾಗಿ ಒಂದು ಜಾಲಿಕಂಟಿ ಇಟ್ಟಿದ್ದರು. ಆತ ಟವೆಲಿನಿಂದ ಮುಖ ಒರೆಸಿಕೊಂಡು ದನಿ ತಗ್ಗಿಸಿದ.

"ಸರ, ನಿಮ್ಮ ಹಡಗಲಿ ಕಾಲೇಜಿನ ಪೈಕಿ ಇನ್ನೂ ಪರಿಚಯ ಅದಾವಲ್ರಿ? ಹೊಸದಾಗಿ ಯಾರರ ಬಂದಾರೇನು, ನಿಮ್ಮಂಗ ನಂಬದೋರು?"

ಕಪಾಳಕ್ಕೆ ಹೊಡೆಯಬೇಕೆನಿಸಿತು. ಆತ ಕೆಟ್ಟವನೂ ಅಲ್ಲ, ತಮಾಷೆ ಮಾಡುತ್ತಲೂ ಇರಲಿಲ್ಲ. ತಾಯಿ ಹೇಳಿಕೊಟ್ಟದ್ದನ್ನು ಕೇಳುತ್ತಿದ್ದ, ಅಷ್ಟೆ. ನಾನು ಎದ್ದೆ.

ಅಷ್ಟರಲ್ಲಿ ಮಗಳು ಓಣಿ ದಾಟಿ ಆ ಬಾಗಿಲ ಮುಂದೆ ನಿಂತಿದ್ದಳು. ತಾನು ಹುಟ್ಟಿದಾಗ ಇದ್ದ ಮನೆ ಎಂದು ಅವಳಿಗೆ ಬಸ್ಸಿನಲ್ಲೇ ಹೇಳಿದ್ದೆ. ಕಂಟಿಯನ್ನು ಚಪ್ಪಲಿಯ ತುದಿಯಿಂದ ಸರಿಸಿ, ಕೈಚಾಚಿ ಬಾಗಿಲು ದೂಡಿದಳು. ಬೀಗವಿರಲಿಲ್ಲ. ಪಡಸಾಲೆಯ ತಂಪುಗಲ್ಲು ಕಂಡಿತು, ಗೋಡೆಯ ಬುಡದಲ್ಲಿ ಹಿತ್ತಾಳೆ ಬಟ್ಟಲು ಹಾಗೇ ಇತ್ತು.

"ಒಳಗೆ ಹೋಗಿ ನೋಡೋಣ ಬಾಪ್ಪ" ಎಂದು ಕಾಲೆತ್ತಿದಳು.

ನಾನು ಯಾವಾಗ ಓಣಿ ದಾಟಿದೆನೋ ತಿಳಿಯದು. ಅವಳ ರಟ್ಟೆ ನನ್ನ ಕೈಯಲ್ಲಿತ್ತು. ಬಿಗಿಯಾಗಿಯೇ ಹಿಡಿದಿದ್ದಿರಬೇಕು, ಅವಳು ಮುಖ ಕಿವುಚಿದಳು. ಈ ನೆನಪಿನಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಇಬ್ಬರೂ ಹೊಸ್ತಿಲ ಈಚೆಗೇ ನಿಂತಿದ್ದೆವು.

"ಯಾಕಪ್ಪ?"

"ಮುಳ್ಳಿದೆ, ಚುಚ್ಚುತ್ತೆ."

ಅವಳು ಬಗ್ಗಿ ಕಂಟಿಯನ್ನು ನೋಡಿದಳು. "ಬಾಗಿಲಿಗೆ ಯಾರಪ್ಪ ತಂದು ಹಾಕಿದ್ದು?"

"ಆಡು ತಂದು ಹಾಕಿರಬೇಕು" ಎಂದೆ.