ಪಟ್ಟಿ ಅಕ್ಕನ ಎಡಗಾಲು

ಬೆಳಗಿನ ಐದೂವರೆ. ಆಸ್ಪತ್ರೆಯ ಎರಡನೇ ಮಹಡಿಯ ವಾರ್ಡಿನಲ್ಲಿ ಪಟ್ಟಿ ಅಕ್ಕ ಒಬ್ಬ ಬಸ್ ಕಂಡಕ್ಟರನ ಕಾಲಿಗೆ ಬೆರಳ ಬುಡದಿಂದ ತೊಡೆಯವರೆಗೆ ಎಲಾಸ್ಟಿಕ್ ಪಟ್ಟಿ ಸುತ್ತುತ್ತಿದ್ದಾರೆ. "ಬಿಗಿ ಆಯ್ತಾ ಅಣ್ಣ? ಬೆರಳು ಆಡಿಸಿ ನೋಡೋಣ." ಆಮೇಲೆ ಕೈಹಿಡಿದು ಎಬ್ಬಿಸಿ ಕಾರಿಡಾರಿನ ತುದಿಯವರೆಗೆ ನಡೆಸುತ್ತಾರೆ. ನಿನ್ನೆ ಉಬ್ಬುನರದ ಆಪರೇಷನ್ ಆದವರು ಇವತ್ತು ನಡೆಯಲೇಬೇಕು.

ದಿನಕ್ಕೆ ಎಂಟು ಹತ್ತು ಕಾಲು, ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ರೋಗಿಗಳೆಲ್ಲ ನಿಂತೇ ದುಡಿಯುವವರು. "ಮುಖ ಮರೀತೀನಿ ಮೇಡಂ, ಕಾಲು ಮರೆಯಲ್ಲ" ಎಂದು, ಪತ್ರಿಕೆಗೆ ಅವರ ಬಗ್ಗೆ ಬರೆಯಲು ಬಂದಿರುವ ನನ್ನ ಮುಂದೆ ನಗುತ್ತಾರೆ. ಡಾಕ್ಟರ ಮಾತು ತಲೆಗೆ ಹೋಗದವರು ಇವರನ್ನೇ ಕೇಳುತ್ತಾರೆ. "ತೊಡೆ ಹತ್ರ ಕೊಯ್ದು ಕೆಟ್ಟ ನರ ಎಳೆದು ತೆಗೆಯೋದು ಹಳೇ ದಾರಿ. ಲೇಸರ್ ಆದ್ರೆ ಒಳಗೇ ಸುಟ್ಟು ಮುಚ್ತಾರೆ, ಸಂಜೆಗೆ ಮನೆ. ಸಣ್ಣದಕ್ಕೆ ಇಂಜೆಕ್ಷನ್. ಯಾರಿಗೆ ಯಾವುದು ಅಂತ ಸ್ಕ್ಯಾನ್ ನೋಡಿ ಡಾಕ್ಟ್ರೇ ಹೇಳ್ಬೇಕು."

ಈ ಜ್ಞಾನ ಪುಕ್ಕಟೆ ಬಂದದ್ದಲ್ಲ. ಸೇರಿದ ಹೊಸತರಲ್ಲಿ, ರೋಗಿಯನ್ನು ನಿಲ್ಲಿಸಿ ಡಾಕ್ಟರು ಕಾಲಿನ ಮೇಲೆ ಪೆನ್ನಿನಿಂದ ಹಾಕಿದ್ದ ನರದ ಗುರುತನ್ನು ಕೊಳೆಯೆಂದುಕೊಂಡು ಸ್ಪಿರಿಟ್ಟಿನಿಂದ ಒರೆಸಿಬಿಟ್ಟಿದ್ದರು. ಮಲಗಿದರೆ ಉಬ್ಬು ಇಳಿದು ನರ ಕಾಣದು. ರೋಗಿಯನ್ನು ಆಪರೇಷನ್ ಮೇಜಿನಿಂದ ಇಳಿಸಿ ಮತ್ತೆ ನಿಲ್ಲಿಸಬೇಕಾಯಿತು. "ಅವತ್ತು ಹೊಟ್ಟೆ ತುಂಬಾ ಬೈಸ್ಕೊಂಡೆ."

ದೀಪದ ಬುಡದಲ್ಲೇ ಕತ್ತಲೆ. ಅಕ್ಕನ ಎಡಗಾಲಿನ ನರಗಳೇ ಉಬ್ಬಿ ಹುರಿಗಟ್ಟಿವೆ. ಪಾದದ ಗಂಟಿನ ಮೇಲೆ ಚರ್ಮ ಕಪ್ಪಾಗಿ ಹುಣ್ಣು ಶುರುವಾಗಿದೆ. ಇನ್ನು ತಡ ಮಾಡಿದರೆ ಹುಣ್ಣು ಮಾಯುವುದು ಕಷ್ಟ, ಲೇಸರ್ ಮಾಡಿಸಿಕೊಳ್ಳಿ ಎಂದು ಡಾಕ್ಟರು ಗದರಿದ್ದಾರೆ. ಸಿಬ್ಬಂದಿಗೆ ಖರ್ಚೂ ಇಲ್ಲ. ಆದರೂ ಎರಡು ಸಲ ದಿನ ಗೊತ್ತಾಗಿ ತಪ್ಪಿಹೋಗಿದೆ. ಒಪ್ಪಿಗೆ ಪತ್ರದಲ್ಲಿ 'ಜೊತೆಗಿರುವವರು' ಎಂಬ ಗೆರೆಯ ಮುಂದೆ ಬರೆಯಲು ಹೆಸರಿಲ್ಲ. ಗಂಡ ತೀರಿಕೊಂಡು ಒಂಬತ್ತು ವರ್ಷ, ಮಕ್ಕಳಿಲ್ಲ. ಆಸ್ಪತ್ರೆಯವರೇ ಜೊತೆಗಾರರಾಗುವಂತಿಲ್ಲ, ಅದು ನಿಯಮ.

ಅವರ ಒಂಟಿ ಕೋಣೆಯಲ್ಲಿ ಒಂದು ಮಂಚ, ಒಂದು ತಟ್ಟೆ, ಕಾಲು ಎತ್ತರಿಸಿ ಇಡಲು ಎರಡು ದಿಂಬು. "ಸ್ವಂತ ಕಾಲಿಗೆ ಸುತ್ಕೊಳ್ಳೋಕೆ ಬರಲ್ಲ ಮೇಡಂ. ಬಗ್ಗಿದ್ರೆ ಪಟ್ಟಿ ಸಡಿಲ ಆಗುತ್ತೆ." ಸಾವಿರಾರು ಕಾಲುಗಳನ್ನು ನಡೆಸಿದ ಹೆಂಗಸಿಗೆ ಒಂದು ಜೊತೆಯಿಲ್ಲ ಎಂದು ಬರೆದುಕೊಳ್ಳುತ್ತೇನೆ.

ಮತ್ತೆ ಈ ಗುರುವಾರಕ್ಕೆ ದಿನ ಗೊತ್ತಾಗಿದೆ. ನಾನು ನೋಟ್‌ಬುಕ್ ಮುಚ್ಚುವಾಗ ಅಕ್ಕ ಜೇಬಿನಿಂದ ಮಡಿಸಿದ ಒಪ್ಪಿಗೆ ಪತ್ರ ತೆಗೆಯುತ್ತಾರೆ. ಮುಖ ನೋಡದೆ ಕೇಳುತ್ತಾರೆ:

"ಗುರುವಾರ ನಿಮ್ಗೆ ಬಿಡುವಿದ್ಯಾ? ಪೇಪರ್‌ನಲ್ಲಿ ನನ್ ಬಗ್ಗೆ ಬರೀದಿದ್ರೂ ಪರ್ವಾಗಿಲ್ಲ, ಈ ಗೆರೇಲಿ ನಿಮ್ಮ ಹೆಸರು ಬರೀರಿ. ಕಾರಿಡಾರ್ ತುದಿವರೆಗೆ ಜೊತೇಲಿ ನಡೆದ್ರೆ ಸಾಕು."