ಬೀದಿ ಕಡೆಯ ಕಿಟಕಿ

ಚರ್, ಚರ್, ಚರ್. ಗೇಟಿನ ಸರಳುಗಳ ಮೇಲೆ ಪಾಲಿಶ್ ಪೇಪರ್ ಉಜ್ಜುವ ಸದ್ದು ಕೇಳಿಸಿತೆಂದರೆ ಚಳಿಗಾಲ ಮುಗಿಯಿತೆಂದು ಬೀದಿಯವರು ತಿಳಿಯುತ್ತಿದ್ದರು. ಮರ ಚಿಗುರುವುದಕ್ಕೂ ಮುಂಚೆ ಪಾಲಿಶ್ ಮಾವ ಅಂಗಳಕ್ಕೆ ಇಳಿದಿರುತ್ತಿದ್ದ. ಆ ಅಡ್ಡಹೆಸರಿನಲ್ಲಿ ಗೌರವವಿದೆಯೆಂದು ನಂಬಿದ್ದವನು ಅವನೊಬ್ಬನೇ.

ದುಡಿಮೆಯ ಕಾಲವನ್ನೆಲ್ಲ ಅವನು ಬಟ್ಟೆಯಂಗಡಿಯೊಂದರ ಗಾಜಿನ ಹಿಂದೆ ಕಳೆದಿದ್ದ. ಗೊಂಬೆಗಳಿಗೆ ಅಂಗಿ ತೊಡಿಸುವುದು ಅವನ ಕೆಲಸ. ದೊಗಲೆ ಅಂಗಿಯನ್ನು ಬೆನ್ನ ಹಿಂದೆ ಒಟ್ಟುಮಾಡಿ ಪಿನ್ನು ಚುಚ್ಚಿದರೆ, ಎದುರಿನಿಂದ ಅಳತೆ ತೆಗೆದು ಹೊಲಿದಂತೆ ಕಾಣುತ್ತಿತ್ತು. ಗೊಂಬೆಯ ಬೆನ್ನನ್ನು ಯಾರು ನೋಡುತ್ತಾರೆ? ನಿವೃತ್ತನಾದಾಗ ಪಿನ್ನುಗಳನ್ನು ಅಂಗಡಿಯಲ್ಲೇ ಬಿಟ್ಟ. ಬುದ್ಧಿಯನ್ನು ಮನೆಗೆ ತಂದ. ಹಾಗಾಗಿ ಪ್ರತಿ ವಸಂತದಲ್ಲೂ ಮನೆಯ ಮುಂಭಾಗಕ್ಕೆ ಹೊಸ ಕಳೆ. ಹಿತ್ತಿಲ ಗೋಡೆಗೆ ಪಾಚಿ, ಬಚ್ಚಲ ಬಾಗಿಲಿಗೆ ತೂತು, ಸೋರುವ ನಲ್ಲಿಗೆ ಅವನದೇ ಹಳೆಯ ಬನಿಯನ್ನು. ಹೊರಗೆ ಥಳುಕು, ಒಳಗೆ ಹುಳುಕು ಎಂಬ ಗಾದೆಯನ್ನು ಯಾರೋ ಅವನನ್ನು ನೋಡಿಯೇ ಕಟ್ಟಿರಬೇಕು.

ಬೀದಿಗೆ ಮುಖ ಮಾಡಿದ ಕೋಣೆ ಅವನ ಅಕ್ಕನದು. ಉಬ್ಬಸದ ಜೀವ. ಕೋಣೆಗಿದ್ದದ್ದು ಒಂದೇ ಕಿಟಕಿ. ತೆರೆದರೆ ಒಳಗಿನ ಹಾಸಿಗೆ, ಔಷಧಿ ಬಾಟಲಿ ಎಲ್ಲ ಬೀದಿಗೆ ಕಾಣುತ್ತವೆಂದು ಅವನು ಅದನ್ನು ಮುಚ್ಚಿಟ್ಟೇ ಬಣ್ಣ ಬಳಿಯುತ್ತಿದ್ದ. ವರ್ಷವರ್ಷದ ಬಣ್ಣ ಸಂದಿಗಳಿಗೆ ಇಳಿದು, ಒಣಗಿ, ಬಾಗಿಲೂ ಚೌಕಟ್ಟೂ ಬೆಸೆದುಹೋಗಿದ್ದವು. ಕಿಟಕಿ ಈಗ ಗೋಡೆ. ಹೋದ ಬೇಸಿಗೆಯಲ್ಲಿ ಅಕ್ಕ ಆ ಕೋಣೆಯಲ್ಲೇ ಉಸಿರು ಸಿಗದೆ ಕುಸಿದಿದ್ದಳು. ಗಾಳಿಯಾಡದ ಕೋಣೆಯಲ್ಲಿ ಇನ್ನೊಂದು ಬೇಸಿಗೆ ಕಳೆದರೆ ಜೀವ ಉಳಿಯುವುದು ಕಷ್ಟವೆಂದು ಡಾಕ್ಟರು ಅವನ ಮುಂದೆಯೇ ಹೇಳಿದ್ದರು. ಅವನು ಗಂಭೀರವಾಗಿ ತಲೆಯಾಡಿಸಿ, ಬರುವ ದಾರಿಯಲ್ಲಿ ಮುಂಬಾಗಿಲಿನ ಹಿಡಿಕೆ ಹೊಳೆಯಿಸುವ ಪುಡಿ ಕೊಂಡು ತಂದಿದ್ದ.

ಈ ಸಲ ಅವನು ಬಣ್ಣದ ಡಬ್ಬಿಯ ಮುಚ್ಚಳ ಎಬ್ಬುತ್ತಿದ್ದಾಗ ಅಕ್ಕ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದಳು.

"ಬಣ್ಣ ಆಮೇಲೆ ಬಳಿಯುವೆಯಂತೆ. ಮೊದಲು ಆ ಕಿಟಕಿ ಬಿಡಿಸು ಕಣೋ. ಬಿಸಿಲು ಏರ್ತಾ ಇದೆ."

"ಬಿಡಿಸೋಣ ಅಕ್ಕ. ಈಗ ಕೆರೆದ್ರೆ ಹಳೇ ಬಣ್ಣ ಎಲ್ಲ ಎದ್ದು ಬರತ್ತೆ. ಹುಣ್ಣು ಥರ ಕಾಣತ್ತೆ."

"ನಾನೇ ಎದ್ದು ಹೋದ್ರೆ?"

"ಬಿಡ್ತು ಅನ್ನು," ಎಂದ ಅವನು, ಕುಂಚ ಅದ್ದುತ್ತ. "ಫ್ಯಾನ್ ಹಾಕ್ಕೊಂಡು ಮಲಕ್ಕೋ."

ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. "ಆ ಫ್ಯಾನಿಗೆ ನೊಣಾನೂ ಹೆದರಲ್ಲ ರೀ. ತಿರುಗೋ ಫ್ಯಾನನ್ನ ನೆಂಟರು ಕೂರ್ತಾರೆ ಅಂತ ನಡುಮನೆಗೆ ಹಾಕಿದೀರಲ್ಲ."

ಎಮ್ಮೆಯ ಮೇಲೆ ಮಳೆ ಸುರಿದಂತಾಯಿತು. ಅವನು ಗೇಟಿನ ತುದಿಗೆ ಬಣ್ಣ ಕೊಟ್ಟು, ತಲೆ ಓರೆ ಮಾಡಿ ನೋಡಿ, ಬಣ್ಣ ತೆಳು ಮಾಡುವ ಎಣ್ಣೆ ತರಲು ಅಂಗಡಿಗೆ ಹೋದ.

ಅವನು ತಿರುವು ದಾಟಿದ್ದೇ ತಡ, ಹೆಂಡತಿ ತರಕಾರಿ ಹೆಚ್ಚುವ ಚಾಕು ತಂದು ಕಿಟಕಿಯ ಸಂದಿಯುದ್ದಕ್ಕೂ ಎಳೆದಳು. ಒಳಗಿನಿಂದ ಅಕ್ಕ ಅಂಗೈಯೂರಿ ನೂಕಿದಳು. ಬಣ್ಣ ಸೀಳಿತು. ಬಾಗಿಲು ನರಳಿ, ಮಿಸುಕಿ, ಕಡೆಗೆ ತೆರೆದುಕೊಂಡಿತು. ಬಾಳೆಹಣ್ಣಿನ ಸಿಪ್ಪೆಯಂತೆ ಬಣ್ಣದ ಪಟ್ಟಿಯೊಂದು ಚೌಕಟ್ಟಿನಿಂದ ಜೋತುಬಿತ್ತು. ಒಳಗೆ ಬಂದ ಗಾಳಿಯಲ್ಲಿ ಅಕ್ಕನ ಹಣೆಯ ನರೆಗೂದಲು ಮೆಲ್ಲನೆ ಏಳುತ್ತಿತ್ತು. ಅವಳು ಸರಳು ಹಿಡಿದು, ಕಣ್ಣು ಮುಚ್ಚಿ, ಉಸಿರನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು.

ಸೀಸೆ ಹಿಡಿದು ಬಂದವನು ಗೇಟಿನಲ್ಲೇ ನಿಂತ. ಬೀದಿಯ ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಇಬ್ಬರೂ ಸೇರಿ ಏನು ಮಾಡಿಟ್ಟಿದೀರ?"

"ಕಿಟಕಿ ತೆಗೆದ್ವಿ," ಎಂದಳು ಹೆಂಡತಿ. "ಕಿಟಕಿ ಇರೋದು ಅದಕ್ಕೇ ಅಂತೆ."

"ನೋಡಿದವರು ಏನಂದ್ಕೋತಾರೆ?"

"ಒಳಗೆ ಮನುಷ್ಯರಿದಾರೆ ಅಂದ್ಕೋತಾರೆ."

ಅಕ್ಕ ಕಣ್ಣು ತೆರೆದಳು. ತಮ್ಮನನ್ನು ಗದರುವ ಹಕ್ಕಿದ್ದೂ ಅವಳ ದನಿ ಮೆತ್ತಗಿತ್ತು. "ಇಲ್ಲಿ ನೋಡೋ. ಎಷ್ಟು ದಿನದ ಮೇಲೆ ಎದೆ ತುಂಬ ಉಸಿರು ತಗೊಂಡೆ ಗೊತ್ತಾ? ಇನ್ನು ಇದನ್ನ ಮುಚ್ಚಲ್ಲ ಅಂತ ಒಂದು ಮಾತು ಹೇಳು, ಸಾಕು. ಬಣ್ಣ ಬೇಕಾದ್ರೆ ನಾನೇ ಕೂತ್ಕೊಂಡು..."

ಅವನ ಕಣ್ಣು ಅಕ್ಕನ ಮುಖದ ಮೇಲಿರಲಿಲ್ಲ. ಜೋತುಬಿದ್ದ ಬಣ್ಣವನ್ನೇ ನೋಡುತ್ತಿದ್ದವನು, ದೂರದಿಂದ ಎಷ್ಟು ಕಾಣುತ್ತದೋ ಎಂದು ಲೆಕ್ಕಹಾಕುತ್ತ, ಅವಳಿಗೆ ಬೆನ್ನು ಮಾಡಿ ಬೀದಿ ದಾಟಿ ಎದುರು ಮನೆಯ ಮೆಟ್ಟಿಲ ಕಡೆಗೆ ನಡೆದುಬಿಟ್ಟ.