ಕಿಟಕಿಯಿಂದ ಬಂದ ಕೂಸು

ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ನ್ಯಾಮತಿಯಲ್ಲಿ ಹೊನ್ನಾಳಿಯ ಬಸ್ಸು ಹೊರಡಲು ಗುರುಗುಟ್ಟುತ್ತಾ ನಿಂತಿತ್ತು. ಸಮಯ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಕಿಟಕಿಯಿಂದ ಒಳಗೆ ಬಂದ ಕೂಸು ಮೊದಲು ಕೈ ಹಾಕಿದ್ದು ನನ್ನ ಗೆಳೆಯನ ಕೈಗಡಿಯಾರಕ್ಕೆ. ಅದರ ಬೆರಳು ಬಿಡಿಸುವಾಗ ನಾನು ಮುಳ್ಳು ನೋಡಿದೆ.

ಕಿಟಕಿಯಿಂದ ಕೂಸು ಕೊಡುವುದು ನಮ್ಮ ಕಡೆ ಹೊಸದಲ್ಲ. ಸೀಟು ಹಿಡಿಯಲು ಕೆಲವರು ಟವೆಲ್ಲು ಎಸೆಯುತ್ತಾರೆ, ಕೆಲವರು ಚೀಲ. ಬಾಗಿಲಲ್ಲಿ ನೂಕುನುಗ್ಗಲು ಜೋರಿದ್ದರೆ ತಾಯಂದಿರು ಒಳಗೆ ಕೂತವರ ಮಡಿಲಿಗೆ ಮಗುವನ್ನು ದಾಟಿಸಿ, ಬರಿಗೈಯಲ್ಲಿ ಬಾಗಿಲಿಗೆ ಓಡುತ್ತಾರೆ. ಕೂತವನು ಯಾರೆಂದು ನೋಡುವ ಪದ್ಧತಿಯಿಲ್ಲ. ಅವತ್ತು ಹಸಿರು ಸೀರೆಯ ಹೆಂಗಸೊಬ್ಬಳು, "ಯಣ್ಣಾ, ಒಂಚೂರು ಹಿಡ್ಕಳಪ್ಪಾ" ಎಂದು ವರ್ಷ ತುಂಬಿದ ಗಂಡುಕೂಸನ್ನು ಒಳಗೆ ಚಾಚಿದಳು. ಗೆಳೆಯ ಕಿಟಕಿಯ ಪಕ್ಕದಲ್ಲಿದ್ದ, ಹಿಡಿದುಕೊಂಡ. ಆಮೇಲೆ ಅವಳು ಮುಖ ಎತ್ತಿ ನೋಡಿದಳು. ಚಾಚಿದ ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಅಷ್ಟರಲ್ಲಿ ಜನ ಅವಳನ್ನು ಬಾಗಿಲ ಕಡೆ ತಳ್ಳಿಕೊಂಡು ಹೋದರು.

ಗೆಳೆಯ ಆಫ್ರಿಕಾದವನು. ಎಂಬತ್ತರ ದಶಕದ ಮೊದಲ ವರ್ಷಗಳವು. ಅವನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಸಂತೇಬೆನ್ನೂರಿನಿಂದ ಹೋದ ನಾನು ಅದೇ ಊರಲ್ಲಿ ಬಿ.ಎ. ಕಡೆಯ ವರ್ಷದಲ್ಲಿದ್ದೆ. ಒಂದೇ ವಠಾರದಲ್ಲಿ ಅಕ್ಕಪಕ್ಕದ ಕೋಣೆ. ನನ್ನ ಪಠ್ಯದಲ್ಲಿದ್ದ ಹಳೆಯ ಇಂಗ್ಲಿಷ್ ನಾಟಕಗಳನ್ನು ಅವನು ನನಗಿಂತ ಮುಂಚೆ ಓದಿ ಮುಗಿಸುತ್ತಿದ್ದ. "ಇವರ ನಾಟಕದಲ್ಲಿ ಕಪ್ಪು ಮನುಷ್ಯ ಒಳಗೆ ಬಂದನೆಂದರೆ ಅಂಕ ಮುಗಿಯುವುದರೊಳಗೆ ಏನೋ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಅವನೊಬ್ಬನಿಗೆ ಮಾತ್ರ ಗೊತ್ತಿಲ್ಲ" ಎಂದು ನಗುತ್ತಿದ್ದ. ನಿಮ್ಮ ಕಡೆ ನಾಟಕ ಹೇಗಿರುತ್ತದೆ ಎಂದು ಕೇಳಿದ್ದರಿಂದಲೇ ನಾನು ಅವನನ್ನು ಗೋವಿನಕೋವಿಗೆ ಕರೆದುಕೊಂಡು ಹೋಗಿದ್ದು. ಅದು ನನ್ನ ಭಾವನ ಹುಟ್ಟೂರು. ಅಕ್ಕ ಭಾವ ನ್ಯಾಮತಿಯಲ್ಲಿದ್ದರು. ಊರಿನ ನಾಟಕದಲ್ಲಿ ಭಾವನದು ರಾಕ್ಷಸನ ಪಾತ್ರ.

ಹಿಂದಿನ ಸಂಜೆ ಬಣ್ಣದ ಮನೆಯಲ್ಲಿ ಭಾವ ಮತ್ತು ಅವರ ತಮ್ಮ ಎದುರುಬದುರು ಕೂತು ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಇಬ್ಬರೂ ಹೊಲದಲ್ಲಿ ದುಡಿದ, ಒಂದೇ ಮೈಬಣ್ಣದವರು. ಮುಖಕ್ಕೆ ಬಿಳಿ ಪುಡಿ ಮೆತ್ತಿಕೊಂಡು ತಮ್ಮ ದೇವರಾದ. ಭಾವ ಕೊಬ್ಬರಿ ಎಣ್ಣೆಯಲ್ಲಿ ದೀಪದ ಮಸಿ ಕಲಸಿಕೊಂಡು ರಾಕ್ಷಸನಾದರು. ಗೆಳೆಯನನ್ನು ಕಂಡು ಅಲ್ಲಿದ್ದವರಿಗೆಲ್ಲ ಖುಷಿಯೋ ಖುಷಿ.

"ಇವರನ್ನೇ ಇಳ್ಸಾನ ಬಿಡ್ರಿ ಸ್ಟೇಜಿಗೆ. ಮಸಿ ಖರ್ಚು ಉಳಿತೈತೆ" ಎಂದ ಒಬ್ಬ. ಗೆಳೆಯನಿಗೆ ಅಷ್ಟು ಕನ್ನಡ ತಿಳಿಯುತ್ತಿತ್ತು. ನಕ್ಕ. ನಂತರ ನಾಟಕ ಕಲಿಸುವ ಮಾಸ್ತರರನ್ನು ನನ್ನ ಮೂಲಕ ಕೇಳಿದ: ಅಣ್ಣತಮ್ಮಂದಿರ ಬಣ್ಣ ಒಂದೇ ಇರುವಾಗ ಕೆಟ್ಟವನಿಗೆ ಮಾತ್ರ ಮಸಿ ಯಾಕೆ?

ಹಾರ್ಮೋನಿಯಂ ಒರೆಸುತ್ತಿದ್ದ ಮಾಸ್ತರರು ತಲೆ ಎತ್ತದೆ ಹೇಳಿದರು: "ಹಿಂದುಗಡೆ ಕುಂತೋರಿಗೂ ಕಾಣ್ಬೇಕಲ್ರಿ ಸಾರ್. ಅವ್ನು ಬಾಯಿ ತೆಗ್ಯಾಕೆ ಮುಂಚೇನೇ ಕೆಟ್ಟೋನು ಅಂತ ಗೊತ್ತಾಗ್ಬೇಕು. ಇಲ್ಲಾಂದ್ರೆ ಜನಕ್ಕೆ ತಲೆನೋವು."

ಆ ಉತ್ತರ ನಮಗಿಬ್ಬರಿಗೂ ಹಿಡಿಸಿತ್ತು. ರಂಗದ ಮೇಲೆ ಭಾವ ಕೂಸೊಂದನ್ನು ಹೊತ್ತು ಓಡುವ ದೃಶ್ಯಕ್ಕೆ ಗೆಳೆಯನೂ ಎಲ್ಲರ ಜೊತೆ ಸಿಳ್ಳೆ ಹೊಡೆದ.

ನಾಟಕ ಮುಗಿದ ಮೇಲೆ ನಸುಕಿನಲ್ಲೇ ನ್ಯಾಮತಿಗೆ, ಅಕ್ಕನ ಮನೆಗೆ ಬಂದಿದ್ದೆವು. ಬೆಳಗಾದರೆ ಬಸ್ಸು. ಕಾಲಿಡಲು ಜಾಗವಿರಲಿಲ್ಲ. ಹಸಿರು ಸೀರೆಯವಳು ಹಿಂದಿನ ಬಾಗಿಲಲ್ಲಿ ಹತ್ತಿರಬೇಕು ಅಂದುಕೊಂಡೆವು. ಕೂಸು ಗಡಿಯಾರದ ಜೊತೆ ಆಡುತ್ತಿತ್ತು. ಊರು ದಾಟಿದ ಮೇಲೆ ಕಂಡಕ್ಟರು ಟಿಕೆಟ್ ಹರಿಯುತ್ತಾ ನಮ್ಮ ಸೀಟಿಗೆ ಬಂದು, ಗೆಳೆಯನನ್ನೂ ಕೂಸನ್ನೂ ಎರಡೆರಡು ಸಲ ನೋಡಿದ.

"ಕೂಸು ಯಾರ್ದು?"

"ತಾಯಿ ಹಿಂದೆ ಇದ್ದಾರೆ" ಎಂದೆ.

ಅವನು ಹಿಂದಕ್ಕೆ ತಿರುಗಿ ಕೂಗಿದ: "ಯಾರವ್ವಾ, ಕೂಸಿನ ತಾಯಿ ಯಾರು?"

ಯಾರೂ ಮಾತಾಡಲಿಲ್ಲ. ಇನ್ನೊಮ್ಮೆ ಕೂಗಿದ. ಬಸ್ಸಿನೊಳಗಿನ ಗಲಾಟೆ ಮುಂದಿನಿಂದ ಹಿಂದಕ್ಕೆ ಸೀಟು ಸೀಟಾಗಿ ಆರಿಹೋಯಿತು. ಆ ಮೌನದಲ್ಲಿ ಯಾರೋ ಮೆಲ್ಲಗೆ ಒಂದು ಮಾತು ಅಂದರು: "ಮಕ್ಕಳ ಕಳ್ಳ."

ಎಲ್ಲೋ ಸೇತುವೆ ಕಟ್ಟುತ್ತಿದ್ದಾರಂತೆ, ಕಂಬ ನಿಲ್ಲಲು ಬಲಿಗೆಂದು ಮಕ್ಕಳನ್ನು ಹಿಡಿದೊಯ್ಯುತ್ತಾರಂತೆ ಎಂಬ ಸುದ್ದಿ ಆ ದಿನಗಳಲ್ಲಿ ಹರಡಿತ್ತು. ಹಾಗಾಗಿ ಮಾತಿಗೆ ಯಾರೂ ಅರ್ಥ ಕೇಳಬೇಕಾಗಿರಲಿಲ್ಲ. ಅಂದವರು ಯಾರು? ನನ್ನ ಬೆನ್ನ ಹಿಂದಿನಿಂದ ಬಂದ ಗಂಡು ದನಿ. ಹಿಂದಿನ ಸೀಟಿನಲ್ಲಿದ್ದ ಇಬ್ಬರು ರಾತ್ರಿ ನಾಟಕದಲ್ಲಿ ನಮ್ಮ ಪಕ್ಕದಲ್ಲೇ ಕೂತು ಗೆಳೆಯನಿಗೆ ಕಡಲೆಕಾಯಿ ಕೊಟ್ಟಿದ್ದರು. ಅವರಲ್ಲೊಬ್ಬನೋ, ನಿಂತಿದ್ದವರೋ, ಇವತ್ತಿಗೂ ನನಗೆ ತೀರ್ಮಾನಿಸಲು ಆಗಿಲ್ಲ.

ಮುಂದಿನ ಹಳ್ಳಿಯ ನಿಲುಗಡೆಯಲ್ಲಿ ಡ್ರೈವರ್ ಬಸ್ಸು ನಿಲ್ಲಿಸಿದ. ಸುದ್ದಿ ನಮಗಿಂತ ಮುಂಚೆ ಕೆಳಗಿಳಿಯಿತು. ಟೀ ಅಂಗಡಿಯಿಂದ, ಹಿಟ್ಟಿನ ಗಿರಣಿಯಿಂದ ಜನ ಓಡಿಬಂದರು. ಯಾರೋ ಗೆಳೆಯನ ಕಾಲರ್ ಹಿಡಿದು ಎಳೆದರು. ಅವನು ಕೂಸನ್ನು ಎದೆಗೆ ಅವುಚಿಕೊಂಡೇ ಇಳಿದ, ಹಿಂದೆ ನಾನು.

"ನಾನು ಸಂತೇಬೆನ್ನೂರಿನವನು, ಇವನು ನನ್ನ ಗೆಳೆಯ, ನ್ಯಾಮತಿಯಲ್ಲಿ ಇದರ ತಾಯೇ ಕಿಟಕಿಯಿಂದ ಕೊಟ್ಟಳು" ಎಂದು ಕೂಗಿದೆ.

"ನೀನು ಅವ್ನ ಏಜೆಂಟೇನಲೇ?" ಎಂದ ಒಬ್ಬ ಮುದುಕ. ಎಲ್ಲರೂ ನಕ್ಕರು. ಆ ನಗೆಗೇ ನಾನು ಹೆಚ್ಚು ಹೆದರಿದ್ದು.

ಹಿಂದಿನಿಂದ ಒಂದು ಏಟು ಬಿತ್ತು, ಛತ್ರಿಯ ಹಿಡಿಯದು. ಗೆಳೆಯನ ಕಿವಿಯ ಮೇಲೆ ಚರ್ಮ ಸೀಳಿ ರಕ್ತ ಇಳಿಯಿತು. "ಕೂಸಿಗೆ ಬೀಳ್ತತೆ, ತಡೀರೋ!" ಎಂದು ಬಸ್ಸಿನೊಳಗಿಂದ ಅಜ್ಜಿಯೊಬ್ಬಳು ಅರಚಿದಳು. ಎತ್ತಿದ ಕೈಗಳು ನಿಂತವು. ಕೂಸನ್ನು ಮೊದಲು ಕಿತ್ತುಕೊಳ್ಳಬೇಕು, ಆಮೇಲೆ ನೋಡೋಣ ಎಂಬುದು ಆ ಮುಖಗಳಲ್ಲಿ ಬರೆದಂತಿತ್ತು.

ಆಗ ಗುಂಪು ಸರಿಸಿಕೊಂಡು ಒಬ್ಬ ಬಂದ. ಎತ್ತರದ ಆಳು, ಬೆಳ್ಳನೆಯ ಮೈ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ, ಹೆಗಲ ಮೇಲೆ ಅಂಚಿನ ಟವೆಲ್ಲು. ಬಸ್ಸಿನಿಂದ ಇಳಿದನೋ, ಹಳ್ಳಿಯವನೋ ಗೊತ್ತಾಗಲಿಲ್ಲ. ಸಮಾಧಾನದ ದನಿಯಲ್ಲಿ ಹೇಳಿದ: "ನನ್ ತಂಗಿ ಕೂಸು ಅದು. ತಾರಪ್ಪಾ ಇಲ್ಲಿ."

ಜನ ತಟ್ಟನೆ ಎರಡಾಗಿ ಸರಿದು ಅವನಿಗೆ ದಾರಿ ಬಿಟ್ಟರು. "ಸೋದರಮಾವ ಬಂದಾರೆ. ಕೊಡಲೇ!" ಎಂದು ಗೆಳೆಯನಿಗೆ ಗದರಿದರು. ನಿನ್ನ ಊರು ಯಾವುದು, ತಂಗಿ ಎಲ್ಲಿ, ಇಷ್ಟು ಹೊತ್ತು ಎಲ್ಲಿದ್ದೆ ಎಂದು ಒಬ್ಬರೂ ಕೇಳಲಿಲ್ಲ. ಅಜ್ಜಿ ಮಾತ್ರ ಕಿಟಕಿಯಿಂದಲೇ, "ಹೆಸ್ರೇನಪ್ಪಾ ಕೂಸಿಂದು?" ಎಂದಳು.

"ನಾವು ಪುಟ್ಟ ಅಂತೀವಿ" ಎಂದ ಅವನು. ಜನಕ್ಕೆ ಅಷ್ಟೇ ಸಾಕಾಯಿತು.

ಗೆಳೆಯ ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದ: "ಇವನನ್ನು ನೀನು ಬಲ್ಲೆಯಾ?"

"ಇಲ್ಲ. ಕೊಟ್ಟುಬಿಡು. ಕೊಡದಿದ್ದರೆ ಸಾಯಿಸುತ್ತಾರೆ."

"ಇಲ್ಲಿ ಯಾರನ್ನಾದರೂ ಬಲ್ಲೆಯಾ?"

ನಾನು ಸುತ್ತ ನೋಡಿದೆ. ನನ್ನ ಭಾಷೆಯ, ನನ್ನ ಸೀಮೆಯ, ನನ್ನ ಮಾವ ದೊಡ್ಡಪ್ಪಂದಿರಂತೆಯೇ ಇದ್ದ ಮುಖಗಳು. ಒಬ್ಬರನ್ನೂ ಬಲ್ಲೆನೆಂದು ಹೇಳುವಂತಿರಲಿಲ್ಲ.

ಅವನು ಕೂಸನ್ನು ಇನ್ನಷ್ಟು ಬಿಗಿ ಹಿಡಿದು, ತನಗೆ ಬರುತ್ತಿದ್ದ ಹರಕು ಕನ್ನಡದಲ್ಲಿ ಬಿಳಿ ಅಂಗಿಯವನಿಗೆ ಹೇಳಿದ: "ತಾಯಿ ಬರ್ಲಿ. ತಾಯಿಗೆ ಕೊಡ್ತೀನಿ."

ಬಿಳಿ ಅಂಗಿಯವನು ಕೈ ಹಾಕಿದ. ಕೂಸು ಚೀರಿತು. ಗೆಳೆಯ ಗುಂಪಿಗೆ ಬೆನ್ನು ತಿರುಗಿಸಿ ಬಸ್ಸಿನ ತಗಡಿಗೆ ಹಣೆಯೊತ್ತಿ, ಕೂಸಿನ ಮೇಲೆ ಬಾಗಿ ನಿಂತ. ನಾನು ಅವನ ಬೆನ್ನಿಗೆ ಬೆನ್ನು ಕೊಟ್ಟು ನಿಂತೆ. ಬಿದ್ದ ಏಟುಗಳಲ್ಲಿ ಅವನ ಪಾಲಿನದೆಷ್ಟು, ನನ್ನದೆಷ್ಟು ಎಂದು ಹೇಳಲಾರೆ. ಹೀಗೆ ಎಷ್ಟು ಹೊತ್ತು ನಡೆಯಿತೋ, ನ್ಯಾಮತಿ ಕಡೆಯಿಂದ ಇಟ್ಟಿಗೆ ಲಾರಿಯೊಂದು ಹಾರನ್ ಬಾರಿಸುತ್ತಾ ಬಂತು. ಅದು ಪೂರ್ತಿ ನಿಲ್ಲುವ ಮುಂಚೆಯೇ ಹಸಿರು ಸೀರೆಯವಳು ಧುಮುಕಿದಳು.

"ನಾನೇ ಕೊಟ್ಟಿದ್ದು! ಬಸ್ ಬಿಟ್ಟೋತು! ಯಾಕ್ರೋ ಹಿಂಗ್ ಹೊಡೀತೀರಿ?"

ಗೆಳೆಯ ತಿರುಗಿ ಕೂಸನ್ನು ಅವಳ ಕೈಗೆ ಇಟ್ಟ. ಅವಳು ಅದನ್ನು ಎದೆಗೊತ್ತಿಕೊಂಡು, ಮರುಕ್ಷಣ ಅದರ ಸೊಂಟದ ಬೆಳ್ಳಿ ಉಡಿದಾರ ಇದೆಯೇ ಎಂದು ತಡವಿ ನೋಡಿದಳು. ಇತ್ತು. ಅವಳ ಬೆರಳು ಅಲ್ಲಿ ಓಡಾಡಿದ್ದನ್ನು ಗೆಳೆಯ ನೋಡಿದ. ನಾನು ಅವನನ್ನು ನೋಡಿದೆ.

"ನಿಮ್ಮಣ್ಣ ಇಲ್ಲೇ ಇದ್ದಾರಲ್ಲಮ್ಮ" ಎಂದೆ.

"ಅಣ್ಣ? ನಂಗೆಲ್ಲಿ ಅಣ್ಣ? ನಾವು ಹುಟ್ಟಿದ್ದೆಲ್ಲ ಹೆಣ್ಮಕ್ಕಳೇ."

ಬಿಳಿ ಅಂಗಿ ಎಲ್ಲೂ ಕಾಣಲಿಲ್ಲ. "ಒಬ್ಬ ಸುಳ್ಳು ಹೇಳಿ ಕೂಸು ಕೇಳಿದ, ಅವನನ್ನು ಹುಡುಕಿ" ಎಂದು ನಾನು ಕೂಗಿದೆ. ಯಾರಿಗೂ ಆಸಕ್ತಿ ಇರಲಿಲ್ಲ. "ಅವ್ರೇನೋ ಜಗಳ ಬಿಡ್ಸಾಕೆ ಅಂದಿರ್ತಾರೆ ಬಿಡ್ರಿ, ನೋಡಿದ್ರೆ ಒಳ್ಳೆ ಮನುಷ್ಯರಂಗಿದ್ರು" ಎಂದ ಟೀ ಅಂಗಡಿಯವನು. ಅದೂ ಇರಬಹುದು. ಇರಲಿಕ್ಕಿಲ್ಲ. ಅವನು ಮಾಯವಾದದ್ದು ನಾಚಿಕೆಯಿಂದಲೋ, ಕೆಲಸ ಕೆಟ್ಟಿತೆಂದೋ? ಗೆಳೆಯ ನನ್ನ ಮಾತು ಕೇಳಿದ್ದರೆ ಕೂಸು ಇವತ್ತು ಎಲ್ಲಿರುತ್ತಿತ್ತು? ಎಷ್ಟೋ ವರ್ಷ ನಾನು ಬಿಳಿ ಅಂಗಿ ತೊಟ್ಟ ಎತ್ತರದವರ ಮುಖವನ್ನು ಸಂತೆಯಲ್ಲೂ ಮದುವೆಯಲ್ಲೂ ತಿರುಗಿ ತಿರುಗಿ ನೋಡಿದ್ದೇನೆ.

ಕಂಡಕ್ಟರು ಸೀಟಿ ಊದಿದ. "ಹತ್ರಿ ಹತ್ರಿ, ಟೈಮಾತು." ಏಟು ಹಾಕಿದವರೇ ಗೆಳೆಯನಿಗೆ ಕೈ ಕೊಟ್ಟು ಹತ್ತಿಸಿದರು.

ಭಾವ ವಿಷಯ ಕೇಳಿ ಮರುದಿನ ದಾವಣಗೆರೆಗೇ ಬಂದರು. ಗೆಳೆಯನ ತಲೆಯ ಪಟ್ಟಿ ನೋಡಿ ಮರುಗಿದರು, ಕಿತ್ತಳೆ ಹಣ್ಣು ತಂದಿದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು ನನಗಷ್ಟೇ ಎಂದುಕೊಂಡು ಹೇಳಿದರು: "ಜಾಣ ಅದಾನೆ ಬಿಡೋ. ಕೂಸನ್ನ ಅಡ್ಡ ಹಿಡ್ಕಂಡು ಪ್ರಾಣ ಉಳಿಸ್ಕಂಡ." ಒಳಗೆ ಮಂಚ ಕಿರುಗುಟ್ಟಿತು. ಅವನಿಗೆ ಕೇಳಿಸಿತ್ತು. ರಾತ್ರಿಯಿಡೀ ಮಸಿ ಹಚ್ಚಿಕೊಂಡು ಕುಣಿದವರು ಬೆಳಿಗ್ಗೆ ಸೀಗೆಪುಡಿಯಲ್ಲಿ ಮುಖ ತೊಳೆದುಕೊಂಡು ಮತ್ತೆ ಭಾವ ಆಗಿಬಿಟ್ಟಿದ್ದರು. ಇವನು ಏನು ಹಾಕಿ ತೊಳೆಯಬೇಕಿತ್ತು?

ಆಮೇಲೆ ಅವನು ಕಾಲೇಜು ಬಿಟ್ಟರೆ ಕೋಣೆ, ಅಷ್ಟೇ. ಯಾರಾದರೂ ಏನನ್ನಾದರೂ ಕೈಗೆ ಕೊಡಲು ಬಂದರೆ ಮೊದಲು ಅವರ ಮುಖ ನೋಡುತ್ತಿದ್ದ. ನಾನೂ ಅದನ್ನೇ ಕಲಿತೆ. ವಠಾರದಲ್ಲಿ ಹೆಜ್ಜೆ ಸಪ್ಪಳವಾದರೆ ಎದ್ದು ಕೂರುತ್ತಿದ್ದೆ. ಕಣ್ಣು ಹತ್ತಿದರೆ ಆ ಕಂಡಕ್ಟರನ ಕೂಗು, ಅದರ ಬೆನ್ನಿಗೆ ಬಂದ ಮೌನ.

ನನಗೆ ಜಗಳೂರಿನಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ನಿದ್ದೆ ಅಲ್ಲೂ ಬರಲಿಲ್ಲ. ಅವನ ಓದು ಇನ್ನೂ ಒಂದು ವರ್ಷ ಬಾಕಿಯಿತ್ತು, ಅವನು ಒಬ್ಬನೇ ಇದ್ದ. ಶಾಲೆಯ ವಾರ್ಷಿಕೋತ್ಸವಕ್ಕೆ ಪುರಾಣದ ನಾಟಕ ಆಡಿಸಿ ಎಂದರು. ಇತರ ಮೇಷ್ಟರು ಹುಡುಗರನ್ನು ಸಾಲಾಗಿ ನಿಲ್ಲಿಸಿ, ಬೆಳ್ಳಗಿದ್ದವರನ್ನು ದೇವರ ಕಡೆಗೆ, ಕಪ್ಪಗಿದ್ದವರನ್ನು ರಾಕ್ಷಸರ ಕಡೆಗೆ ಸರಿಸುವುದನ್ನು ಕಂಡು ನಾನು ಸಾಲು ಅದಲುಬದಲು ಮಾಡಿದೆ. ಮರುದಿನ ಹತ್ತಿರದ ಊರು ಸೊಕ್ಕೆಯಿಂದ ಒಬ್ಬ ತಂದೆ ಬಂದರು, ಒಳ್ಳೆಯ ಮನುಷ್ಯ.

"ನಮ್ ಹುಡುಗ ಬೆಳ್ಳಗೆ ಗುಂಡಗೆ ಅವ್ನೆ. ರಾಕ್ಷಸನ್ನ ಹೆಂಗ್ ಮಾಡಿದ್ರಿ ಮೇಷ್ಟ್ರೆ? ನೋಡಿದೋರು ಏನಂತಾರೆ?"

"ಏನಂತಾರೆ?" ಎಂದು ಕೇಳಿದೆ.

ಅವರು ಯೋಚಿಸಿದರು. "ನಂಬಂಗಿಲ್ಲ ಅಂತಾರೆ" ಎಂದರು.

ಗೆಳೆಯ ಪರೀಕ್ಷೆ ಮುಗಿಸಿ, ಬೊಂಬಾಯಿಗೆ ಹೋಗಿ, ವಿಮಾನ ಹತ್ತಿದ. ದಾವಣಗೆರೆ ಸ್ಟೇಷನ್ನಿನಲ್ಲಿ ರೈಲು ಸರಿಯುವ ತನಕ ನಾನು ಅವನನ್ನಲ್ಲ, ಅವನ ಬೋಗಿಯಲ್ಲಿದ್ದವರನ್ನು ಒಬ್ಬೊಬ್ಬರಾಗಿ ನೋಡುತ್ತಿದ್ದೆ. ಒಂದು ಬುಧವಾರ ಮಧ್ಯಾಹ್ನ ಜಗಳೂರಿಗೆ ತಂತಿ ಬಂತು. ಮನೆ ತಲುಪಿದೆ, ತಾಯಿ ಚೆನ್ನಾಗಿದ್ದಾರೆ, ಅಷ್ಟೇ. ಅವನು ನಮ್ಮ ನಡುವೆ ಇಲ್ಲ, ನಮ್ಮವರ ಕೈಗೆ ಇನ್ನು ಸಿಗುವುದಿಲ್ಲ ಎಂದು ಅವತ್ತು ಖಾತ್ರಿಯಾಯಿತು. ಆ ರಾತ್ರಿ ಊಟ ಮಾಡಿ ಮಲಗಿದವನಿಗೆ ಎಚ್ಚರವಾದದ್ದು ಬಿಸಿಲು ಕಿಟಕಿ ದಾಟಿ ಚಾಪೆಗೆ ಬಂದಾಗ. ಮನೆಯೊಡತಿ ಹೊರಗಿನಿಂದ ಬಾಗಿಲು ಬಡಿಯುತ್ತಿದ್ದಳು.